ಪಟ್ಟಿಯೊಳಗಿನ ದಿಲ್ಲಿ, ಪಟ್ಟಿಯ ಹೊರಗಿನ ದಿಲ್ಲಿ

ಕುತುಬ್ ಮಿನಾರಿನ ಮೇಲಂತಸ್ತುಗಳ ಶಾಸನಗಳು ನೆಲದ ಮೇಲೆ ನಿಂತವರ ಕಣ್ಣಿಗೆ ಎಟಕುವುದಿಲ್ಲ. 1840ರ ದಶಕದಲ್ಲಿ ದಿಲ್ಲಿಯ ಮುನ್ಸೀಫರಾಗಿದ್ದ ಸೈಯದ್ ಅಹ್ಮದ್ ಖಾನ್ ಅದಕ್ಕೊಂದು ಉಪಾಯ ಹೂಡಿದರು. ಎರಡು ಅಟ್ಟಣಿಗೆಗಳ ನಡುವೆ ಬುಟ್ಟಿ ಕಟ್ಟಿಸಿ, ಅದರೊಳಗೆ ಕೂತು, ಶಾಸನದ ಎದುರು ತೂಗಾಡುತ್ತಲೇ ಒಂದೊಂದೇ ಅಕ್ಷರವನ್ನು ನಕಲು ಮಾಡಿಕೊಂಡರು. ಜೊತೆಗಿದ್ದ ಫಾರಸಿ ವಿದ್ವಾಂಸ ಇಮಾಮ್ ಬಕ್ಷ್ ಸಹಬಾಯಿ ಕೆಳಗಿನಿಂದ ಇದನ್ನು ನೋಡುತ್ತ ಹೆದರಿಕೆಯಿಂದ ಬಿಳಿಚಿಕೊಳ್ಳುತ್ತಿದ್ದರಂತೆ. ಸೈಯದರ ಜೀವನಚರಿತ್ರೆ ಬರೆದ ಕವಿ ಹಾಲಿ ಈ ಪ್ರಸಂಗವನ್ನು ದಾಖಲಿಸಿದ್ದಾರೆ. ಹೀಗೆ ಊರೆಲ್ಲ ಸುತ್ತಿ ಕಲೆಹಾಕಿದ ವಿವರಗಳು 1847ರಲ್ಲಿ ‘ಆಸಾರ್-ಉಸ್-ಸನಾದೀದ್’ ಎಂಬ ಉರ್ದು ಪುಸ್ತಕವಾದವು. ಅರಮನೆ, ಮಸೀದಿ, ಗೋರಿ, ಬಾವಿಗಳೆಲ್ಲ ಚಿತ್ರಸಮೇತ ಅದರೊಳಗೆ ಬಂದವು.

ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಪುಟಗಳಲ್ಲಿದ್ದ ಎಷ್ಟೋ ಕಟ್ಟಡಗಳು ಪುಟಗಳಲ್ಲಿ ಮಾತ್ರ ಉಳಿದವು. 1857ರ ದಂಗೆಯನ್ನು ಅಡಗಿಸಿದ ಮೇಲೆ ಬ್ರಿಟಿಷ್ ಸೇನೆ ಸಹಬಾಯಿಯವರನ್ನು ಕೊಂದಿತು. ಫೈಜ್ ಬಜಾರಿನಲ್ಲಿ ಷಹಜಹಾನನ ಪತ್ನಿ ಕಟ್ಟಿಸಿದ್ದ ಅಕ್ಬರಾಬಾದಿ ಮಸೀದಿ ನೆಲಸಮವಾಯಿತು. ಕೆಂಪುಕೋಟೆಯ ಒಳಗಿನ ಅರಮನೆಯ ಬಹುಪಾಲನ್ನು ಕೆಡವಿ ಸೈನಿಕರಿಗೆ ಬ್ಯಾರಕ್ ಕಟ್ಟಿದರು. ಆ ಬ್ಯಾರಕ್‌ಗಳು ಇಂದಿಗೂ ಅಲ್ಲೇ ನಿಂತಿವೆ. ಕೋಟೆಯ ಹೊರಗೆ 448 ಗಜದವರೆಗಿನ ಮನೆ, ಮಾರುಕಟ್ಟೆ, ಹವೇಲಿಗಳನ್ನು ತೆರವು ಮಾಡಲಾಯಿತು. ಫಿರಂಗಿಗೆ ಅಡ್ಡವಿರಬಾರದು ಎಂಬುದು ಅದಕ್ಕೆ ಕಾರಣ. ದಿಲ್ಲಿಯ ಸ್ಮಾರಕಗಳ ಸುತ್ತ ಸರ್ಕಾರ ಮೊದಲು ಅಳೆದ ಗೆರೆ ಕೆಡವುವುದಕ್ಕಾಗಿ ಹಾಕಿದ್ದು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಭಾರತದ ವಾಸ್ತುಚರಿತ್ರೆ ಬರೆದ ಜೇಮ್ಸ್ ಫರ್ಗುಸನ್ ಕೂಡ ತನ್ನವರ ಈ ಕೆಲಸವನ್ನು ಕಟುವಾಗಿ ಖಂಡಿಸಿದ.

ಕಾನೂನು ಆಗ ಇರಲಿಲ್ಲ ಎಂದೇನಲ್ಲ. ಬಂಗಾಳದ 1810ರ ರೆಗ್ಯುಲೇಷನ್, 1863ರ ಧಾರ್ಮಿಕ ದತ್ತಿ ಕಾಯಿದೆ ಇವೆರಡರಲ್ಲೂ ಹಳೆಯ ಕಟ್ಟಡಗಳ ರಕ್ಷಣೆಯ ಮಾತಿತ್ತು. ಆದರೆ ಯಾವ ಕಟ್ಟಡ, ಯಾರ ಹೊಣೆ, ಕೆಡಿಸಿದರೆ ಏನು ಶಿಕ್ಷೆ ಎಂಬುದು ಸ್ಪಷ್ಟವಿರಲಿಲ್ಲ. ಅದಕ್ಕೆ ಉತ್ತರ ಬಂದದ್ದು ಕರ್ಜನ್ ವೈಸ್‌ರಾಯ್ ಆದಾಗ. ಆತ ದೇಶ ಸುತ್ತುವಾಗ ಕಂಡದ್ದೆಲ್ಲ ಒಂದೇ ಬಗೆಯದು: ಸರ್ಕಾರವೇ ಹಳೆಯ ಕಟ್ಟಡಗಳನ್ನು ಕಚೇರಿ, ಉಗ್ರಾಣ, ಬಂಗಲೆ ಮಾಡಿಕೊಂಡು ಕೂತಿತ್ತು. ನಮ್ಮ ವಿಜಯಪುರದಲ್ಲಿ ಒಂದು ಮಸೀದಿ ಡಾಕ್ ಬಂಗಲೆಯಾಗಿತ್ತು, ಇನ್ನೊಂದರಲ್ಲಿ ಅಂಚೆ ಕಚೇರಿ ನಡೆಯುತ್ತಿತ್ತು. ಎರಡನ್ನೂ ತೆರವು ಮಾಡಿಸಿದ್ದನ್ನು ಕರ್ಜನ್ 1904ರಲ್ಲಿ ಹೊಸ ಮಸೂದೆಯ ಮೇಲೆ ಮಾತನಾಡುವಾಗ ಹೆಸರೆತ್ತಿ ಹೇಳಿದ. ದಿಲ್ಲಿ ಕೋಟೆಯ ದಿವಾನ್-ಎ-ಆಮ್‌ನಲ್ಲಿ ಸಿಂಹಾಸನದ ಹಿಂಗೋಡೆಗೆ ಹೊಂದಿಸಿದ್ದ ಬಣ್ಣದ ಕಲ್ಲಿನ ಫಲಕಗಳನ್ನು ದಂಗೆಯ ನಂತರ ಒಬ್ಬ ಸೇನಾಧಿಕಾರಿ ಕಿತ್ತು, ಮೇಜಿನ ಹಲಗೆ ಮಾಡಿಸಿ, ಬ್ರಿಟಿಷ್ ಸರ್ಕಾರಕ್ಕೇ ಐನೂರು ಪೌಂಡಿಗೆ ಮಾರಿದ್ದ. ಲಂಡನ್ನಿನ ಸಂಗ್ರಹಾಲಯದಲ್ಲಿದ್ದ ಅವನ್ನು ಕರ್ಜನ್ ವಾಪಸು ತರಿಸಿದ. ಇಟಲಿಯ ಕುಶಲಕರ್ಮಿಯೊಬ್ಬರು ಅವನ್ನು ಮತ್ತೆ ಗೋಡೆಗೆ ಕೂರಿಸಿದರು. ಪ್ರಾಣಿಗಳ ನಡುವೆ ವಾದ್ಯ ನುಡಿಸುತ್ತ ಕೂತ ಗ್ರೀಕ್ ಪುರಾಣದ ಆರ್ಫಿಯಸ್ ಮೊಗಲರ ಸಿಂಹಾಸನದ ಹಿಂದೆ ಈಗಲೂ ಇದ್ದಾನೆ.

1904ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯಿದೆ ಮೂರು ಕೆಲಸ ಮಾಡಿತು. ಒಂದು ಕಟ್ಟಡವನ್ನು ‘ಸಂರಕ್ಷಿತ’ ಎಂದು ಘೋಷಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಖಾಸಗಿ ಮಾಲೀಕನ ಜೊತೆ ಒಪ್ಪಂದಕ್ಕೋ ಖರೀದಿಗೋ ದಾರಿ ಮಾಡಿತು. ಕೆಡಿಸಿದವನಿಗೆ ಮೂರು ತಿಂಗಳು ಜೈಲು ಇಲ್ಲವೇ ಐದು ಸಾವಿರ ರೂಪಾಯಿ ದಂಡ ವಿಧಿಸಿತು. 1904ರಲ್ಲಿ ಐದು ಸಾವಿರ ದೊಡ್ಡ ಮೊತ್ತ. ಸ್ವತಂತ್ರ ಭಾರತದ 1958ರ ಕಾಯಿದೆಯೂ ಇದೇ ಐದು ಸಾವಿರವನ್ನು ಎತ್ತಿಕೊಂಡಿತು, ಮತ್ತು 2010ರವರೆಗೆ ಯಾರೂ ಅದನ್ನು ಮುಟ್ಟಲಿಲ್ಲ. ಸ್ಮಾರಕಗಳ ಮುಂದೆ ಪುರಾತತ್ವ ಇಲಾಖೆ ನೆಟ್ಟ ನೀಲಿ ಹಲಗೆಗಳ ಮೇಲೆ ಬಿಳಿ ಅಕ್ಷರಗಳಲ್ಲಿ ಈ ಮೊತ್ತ ಎಷ್ಟೋ ವರ್ಷ ಹಾಗೇ ಇತ್ತು. ಆ ಹೊತ್ತಿಗೆ ಅದೇ ಸ್ಮಾರಕದ ಪಕ್ಕದ ಚದರಡಿಯ ಬೆಲೆ ಐದು ಸಾವಿರವನ್ನು ಎಂದೋ ದಾಟಿತ್ತು.

1911ರಲ್ಲಿ ರಾಜಧಾನಿ ಕಲ್ಕತ್ತೆಯಿಂದ ದಿಲ್ಲಿಗೆ ಬಂದಾಗ ಈ ಕಾನೂನಿಗೆ ಮೊದಲ ದೊಡ್ಡ ಪರೀಕ್ಷೆ ಎದುರಾಯಿತು. ಹೊಸ ನಗರ ಏಳಬೇಕಾದ ಹೊಲಗದ್ದೆಗಳ ತುಂಬ ಗೋರಿ, ಗುಮ್ಮಟ, ಮುರಿದ ಮಸೀದಿಗಳಿದ್ದವು. ಯಾವುದನ್ನು ಉಳಿಸಬೇಕು, ಯಾವುದರ ಮೇಲೆ ರಸ್ತೆ ಹಾಯಬಹುದು ಎಂದು ತಿಳಿಯಲು ಪಟ್ಟಿ ಬೇಕಾಯಿತು. ಅದನ್ನು ಮಾಡಿದವರು ಮೌಲ್ವಿ ಜಫರ್ ಹಸನ್. 1916ರಿಂದ 1922ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂದ ಅವರ ಪಟ್ಟಿಯಲ್ಲಿ 1,300ಕ್ಕೂ ಹೆಚ್ಚು ಕಟ್ಟಡಗಳಿವೆ. ಪ್ರತಿಯೊಂದಕ್ಕೂ ಸ್ಥಳ, ಮಾಲೀಕತ್ವ, ಕಾಲ, ಸದ್ಯದ ಸ್ಥಿತಿ, ಉಳಿಸಲು ಎಷ್ಟು ಯೋಗ್ಯ ಎಂಬ ದರ್ಜೆ, ಶಾಸನವಿದ್ದರೆ ಅದರ ಪಾಠ. ದಿಲ್ಲಿಯ ಪರಂಪರೆಯ ಬಗ್ಗೆ ಇವತ್ತು ನ್ಯಾಯಾಲಯದಲ್ಲಿ ವಾದ ಮಾಡುವ ವಕೀಲರು ಮೊದಲು ಬಿಚ್ಚುವುದು ಈ ಸಂಪುಟಗಳನ್ನೇ. ಇಷ್ಟು ಶ್ರಮದ ಕೆಲಸಕ್ಕೆ ಸಿಗಬೇಕಾದ ಹೆಸರು ಜಫರ್ ಹಸನರಿಗೆ ಸಿಕ್ಕಿಲ್ಲ.

ಸಂರಕ್ಷಣೆಗೆ ಇನ್ನೊಂದು ಮುಖವೂ ಇತ್ತು. ಪುರಾನಾ ಕಿಲ್ಲಾದ ಗೋಡೆಗಳ ಒಳಗೆ ಇಂದರ್‌ಪತ್ ಎಂಬ ಹಳ್ಳಿಯೇ ಇತ್ತು. ಹೊಸ ರಾಜಧಾನಿ ಕಟ್ಟುವಾಗ ಅಲ್ಲಿನ ಜನರನ್ನು ಎಬ್ಬಿಸಲಾಯಿತು. ಲೋಧಿ ಸುಲ್ತಾನರ ಗೋರಿಗಳ ನಡುವೆ ಬದುಕಿದ್ದ ಖೈರ್‌ಪುರ ಗ್ರಾಮವನ್ನು ಖಾಲಿ ಮಾಡಿಸಿ 1936ರಲ್ಲಿ ಲೇಡಿ ವಿಲಿಂಗ್ಡನ್ ಪಾರ್ಕ್ ಮಾಡಿದರು. ಬೆಳಗಿನ ವಾಯುಸಂಚಾರಕ್ಕೆ ದಿಲ್ಲಿಯವರು ಹೋಗುವ ಲೋಧಿ ಗಾರ್ಡನ್ ಅದೇ. ಕಟ್ಟಡ ಉಳಿಯಿತು, ಅದರ ನೆರಳಲ್ಲಿ ತಲೆಮಾರುಗಟ್ಟಲೆ ಬಾಳಿದವರ ಗುರುತು ಉಳಿಯಲಿಲ್ಲ.

ಸ್ವಾತಂತ್ರ್ಯದ ನಂತರ ಮೂರು ಕಾನೂನುಗಳು ಹೆಚ್ಚು ಕಡಿಮೆ ಒಟ್ಟಿಗೇ ಬಂದವು. 1958ರ ಸ್ಮಾರಕ ಕಾಯಿದೆ ನೂರು ವರ್ಷ ತುಂಬಿದ ಕಟ್ಟಡವನ್ನು ಮಾತ್ರ ಪ್ರಾಚೀನ ಎಂದಿತು. ಅದೇ ವರ್ಷದ ದಿಲ್ಲಿ ಬಾಡಿಗೆ ನಿಯಂತ್ರಣ ಕಾಯಿದೆ ಹಳೇ ದಿಲ್ಲಿಯ ಹವೇಲಿಗಳ ಬಾಡಿಗೆಯನ್ನು ಕಟ್ಟಿಹಾಕಿತು. ಬಂದ ಬಾಡಿಗೆಯಲ್ಲಿ ಮಾಳಿಗೆಯ ಒಂದು ತೊಲೆ ಬದಲಿಸುವುದೂ ಮಾಲೀಕನಿಗೆ ಕಷ್ಟವಾಯಿತು. 1956ರ ಕೊಳೆಗೇರಿ ಕಾಯಿದೆಯ ಅಡಿಯಲ್ಲಂತೂ ಷಹಜಹಾನಾಬಾದ್ ಎಂಬ ಗೋಡೆಯೊಳಗಿನ ಇಡೀ ನಗರವೇ ‘ಕೊಳೆಗೇರಿ’ ಎಂದು ಘೋಷಣೆಯಾಯಿತು. ಜಾಮಾ ಮಸೀದಿಯ ಸುತ್ತಮುತ್ತಲ ಬೀದಿಗಳು, ಸೀತಾರಾಮ್ ಬಜಾರಿನ ಹವೇಲಿಗಳು ಎಲ್ಲವೂ ಸರ್ಕಾರದ ಕಡತದಲ್ಲಿ ತೆರವಿಗೆ ಅರ್ಹವಾದ ಜಾಗಗಳಾದವು. ಜವಾಹರಲಾಲ್ ನೆಹರೂ ಅವರ ಮದುವೆ ನಡೆದ ಹಕ್ಸರ್ ಹವೇಲಿ ಅಲ್ಲೇ ಪಾಳುಬಿತ್ತು. ಬಲ್ಲಿಮಾರಾನಿನಲ್ಲಿ ಗಾಲಿಬ್ ಕೊನೆಯ ವರ್ಷಗಳನ್ನು ಕಳೆದ ಮನೆ ಕಲ್ಲಿದ್ದಲ ಅಂಗಡಿಯಾಗಿತ್ತು; 1990ರ ದಶಕದ ಕೊನೆಯಲ್ಲಿ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆಯೇ ಅದರ ಒಂದು ಭಾಗವಾದರೂ ಸ್ಮಾರಕವಾಯಿತು.

ಅತ್ತ ಸಂರಕ್ಷಿತ ಸ್ಮಾರಕಗಳ ಬುಡಕ್ಕೇ ಹೊಸ ಕಟ್ಟಡಗಳು ಒತ್ತಿಕೊಂಡು ಬರುತ್ತಿದ್ದವು. 1992ರ ಜೂನ್ 16ರಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು: ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ನಿಷೇಧವಿದ್ದರೂ ಇಲಾಖೆಯ ಸಲಹಾ ಸಮಿತಿಯೊಂದು ನೂರು ಮೀಟರಿನೊಳಗೇ ಅನುಮತಿ ಕೊಡುತ್ತ ಹೋಯಿತು. 2009ರ ಅಕ್ಟೋಬರಿನಲ್ಲಿ ದಿಲ್ಲಿ ಹೈಕೋರ್ಟ್ ಆ ಅನುಮತಿಗಳಿಗೆ ಕಾನೂನಿನ ಬಲವೇ ಇಲ್ಲ ಎಂದಿತು. ಮರುವರ್ಷವೇ ಕಾಯಿದೆಗೆ ತಿದ್ದುಪಡಿ ಬಂತು. ನೂರು ಮೀಟರಿನ ಗೆರೆ ಕಾಯಿದೆಯೊಳಗೇ ಸೇರಿತು, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಹುಟ್ಟಿತು, ಶಿಕ್ಷೆ ಎರಡು ವರ್ಷ ಜೈಲು, ಒಂದು ಲಕ್ಷ ರೂಪಾಯಿ ದಂಡಕ್ಕೆ ಏರಿತು.

ರಾಷ್ಟ್ರೀಯ ಮಹತ್ವದ್ದು ಎಂದು ಗುರುತಾದ ಸ್ಮಾರಕಗಳು ದಿಲ್ಲಿಯಲ್ಲಿ ಸುಮಾರು 170. ನಿಜಾಮುದ್ದೀನ್, ಹೌಜ್ ಖಾಸ್‌ನಂಥ ಕಡೆ ಒಂದರ ವೃತ್ತ ಮತ್ತೊಂದರ ಮೇಲೆ ಬೀಳುತ್ತದೆ. ಅಲ್ಲಿರುವವರು ಹಳೆಯ ಮನೆಯನ್ನು ದುರಸ್ತಿ ಮಾಡಿಸಿಕೊಳ್ಳಬಹುದು, ಅದೂ ಅನುಮತಿ ಪಡೆದು, ಹೊಸದಾಗಿ ಕಟ್ಟುವಂತಿಲ್ಲ. ವಿಜಯಪುರದಲ್ಲೋ ಬಾದಾಮಿಯಲ್ಲೋ ಕೋಟೆಗೋಡೆಯ ಪಕ್ಕ ಮನೆಯಿದ್ದವರಿಗೆ ಈ ಎನ್‌ಒಸಿ ಅಲೆದಾಟವನ್ನು ವಿವರಿಸಬೇಕಾಗಿಲ್ಲ. ಹುಮಾಯೂನನ ಗೋರಿಗೂ ಗಲ್ಲಿಯೊಳಗಿನ ಪುಟ್ಟ ಗುಮ್ಮಟಕ್ಕೂ ಒಂದೇ ನೂರು ಮೀಟರ್ ಎಂಬುದು ಒರಟು ನಿಯಮ ನಿಜ. ಆದರೆ ಅನುಮತಿ ಕೊಡುವ ವಿವೇಚನೆ ಕೈಯಲ್ಲಿದ್ದಾಗ ಇಲಾಖೆ ಏನು ಮಾಡಿತು ಎಂಬುದನ್ನು ನೋಡಿದರೆ, ಆ ಒರಟುತನ ಸುಮ್ಮನೆ ಬಂದದ್ದಲ್ಲ ಎಂದು ಒಪ್ಪಲೇಬೇಕು.

ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕಟ್ಟಡ ಸುರಕ್ಷಿತ ಎನ್ನುವಂತೆಯೂ ಇಲ್ಲ. 2013ರ ಸಿಎಜಿ ವರದಿ ದೇಶದಲ್ಲಿ 1,655 ಸ್ಮಾರಕಗಳನ್ನು ಪರಿಶೀಲಿಸಿ, 92 ಕಾಣೆಯಾಗಿವೆ ಎಂದಿತು. ರಾಜಧಾನಿಯ ಬಾರಾಖಂಬಾ ಸ್ಮಶಾನ ಎಲ್ಲಿತ್ತೆಂಬುದೇ ಪತ್ತೆಯಾಗದೆ, 2024ರಲ್ಲಿ ಇತರ 17 ಸ್ಮಾರಕಗಳ ಜೊತೆ ಅದನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು.

ಡಿಫೆನ್ಸ್ ಕಾಲೊನಿಯ ಶೇಖ್ ಅಲಿ ಗುಮ್ಟಿಯ ಕಥೆ ಇದಕ್ಕಿಂತ ಬೇರೆ. ಲೋಧಿ ಕಾಲದ ಎಂಟು ಮೂಲೆಯ ಈ ಗೋರಿ ಜಫರ್ ಹಸನರ ಪಟ್ಟಿಯಲ್ಲಿತ್ತು, ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಮಾತ್ರ ಸೇರಿರಲಿಲ್ಲ. 1960ರ ದಶಕದಿಂದ ಅಲ್ಲಿನ ನಿವಾಸಿಗಳ ಸಂಘ ಅದನ್ನು ಕಚೇರಿ ಮಾಡಿಕೊಂಡಿತ್ತು. ಆರುನೂರು ವರ್ಷದಷ್ಟು ಹಳೆಯ ಗುಮ್ಮಟದ ಒಳಗೆ ಫಾಲ್ಸ್ ಸೀಲಿಂಗ್, ಫ್ಯಾನು, ವಿದ್ಯುತ್ ತಂತಿಗಳು ಬಂದವು. 2004ರಲ್ಲಿ ಪುರಾತತ್ವ ಇಲಾಖೆ ಇದನ್ನು ಸಂರಕ್ಷಿತ ಸ್ಮಾರಕ ಮಾಡಲು ಹೊರಟು, ಸಂಘ ಆಕ್ಷೇಪಿಸಿತೆಂದು 2008ರಲ್ಲಿ ಕೈಬಿಟ್ಟಿತು. ತಾವು ಇರದಿದ್ದರೆ ಪುಂಡರು ಹಾಳುಮಾಡುತ್ತಿದ್ದರು ಎಂಬುದು ಸಂಘದ ವಾದ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಸಿಟ್ಟಿನಿಂದಲೇ ತಳ್ಳಿಹಾಕಿತು. ಹಾನಿಯನ್ನು ಅಳೆಯಲು ಇತಿಹಾಸಕಾರ್ತಿ ಸ್ವಪ್ನಾ ಲಿಡಲ್ ಅವರನ್ನು ನೇಮಿಸಿ, ಗೋರಿಯನ್ನು ತೆರವು ಮಾಡಿಸಿ, 2025ರಲ್ಲಿ ಸಂಘ ₹40 ಲಕ್ಷ ಕಟ್ಟಬೇಕೆಂದು ಆದೇಶಿಸಿತು. ಇಲಾಖೆ 2008ರಲ್ಲಿ ಗಟ್ಟಿಯಾಗಿ ನಿಂತಿದ್ದರೆ ಇದ್ಯಾವುದೂ ಬೇಕಿರಲಿಲ್ಲ.

ನೂರು ವರ್ಷ ತುಂಬದ ಕಟ್ಟಡಗಳ ಪಾಡೇನು? ರಾಷ್ಟ್ರಪತಿ ಭವನ, ಹಳೆಯ ಸಂಸತ್ ಭವನ, ಕನಾಟ್ ಪ್ಲೇಸ್ ಯಾವುವೂ 1958ರ ಕಾಯಿದೆಯ ತೆಕ್ಕೆಗೆ ಬರುತ್ತಿರಲಿಲ್ಲ. ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ 1999ರಲ್ಲಿ ದಿಲ್ಲಿಯ 1,208 ಕಟ್ಟಡಗಳ ಹೊಸ ಪಟ್ಟಿ ಪ್ರಕಟಿಸಿತು. 2004ರಲ್ಲಿ ದಿಲ್ಲಿಯ ಕಟ್ಟಡ ಉಪವಿಧಿಗಳಲ್ಲಿ ಪರಂಪರೆಯ ನಿಯಮ ಸೇರಿ, ಪಾರಂಪರಿಕ ಸಂರಕ್ಷಣಾ ಸಮಿತಿ ರಚನೆಯಾಯಿತು. ಮುಂದೆ ನಗರಸಭೆಗಳು ತಂತಮ್ಮ ಪಟ್ಟಿ ಅಧಿಸೂಚಿಸಿ, ಕಟ್ಟಡಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದವು. ಉಪವಿಧಿಯ ಕೈ ಎಷ್ಟು ಬಲ ಎಂಬ ಪ್ರಶ್ನೆ ಹೊಸ ಸಂಸತ್ ಭವನವೂ ಸೇರಿದ್ದ ಸೆಂಟ್ರಲ್ ವಿಸ್ತಾ ಯೋಜನೆಯ ಪ್ರಕರಣದಲ್ಲಿ ಎದ್ದಿತು: 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 2–1 ಬಹುಮತದಿಂದ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಮಿತಿಯ ಪೂರ್ವಾನುಮತಿ ಪಡೆಯದ್ದು ದೋಷವೆಂದು ನ್ಯಾಯಮೂರ್ತಿ ಸಂಜೀವ್ ಖನ್ನಾ ಭಿನ್ನ ತೀರ್ಪು ಬರೆದರು.

ಅದಕ್ಕೂ ಮೊದಲೇ ದಿಲ್ಲಿ ಒಂದು ದೊಡ್ಡ ಕಟ್ಟಡವನ್ನು ಕಳೆದುಕೊಂಡಿತ್ತು. ಸ್ವಾತಂತ್ರ್ಯಕ್ಕೆ 25 ವರ್ಷ ತುಂಬಿದ 1972ರಲ್ಲಿ ಪ್ರಗತಿ ಮೈದಾನದಲ್ಲಿ ‘ಹಾಲ್ ಆಫ್ ನೇಷನ್ಸ್’ ಎದ್ದಿತ್ತು. ವಾಸ್ತುಶಿಲ್ಪಿ ರಾಜ್ ರೇವಾಲ್, ಎಂಜಿನಿಯರ್ ಮಹೇಂದ್ರ ರಾಜ್. ಇಂಥ ಚೌಕಟ್ಟುಗಳನ್ನು ಜಗತ್ತು ಉಕ್ಕಿನಲ್ಲಿ ಕಟ್ಟುತ್ತಿತ್ತು. ಇಲ್ಲಿ ಉಕ್ಕು ದುಬಾರಿ, ಕೆಲಸಗಾರರು ಧಾರಾಳ. ಹೀಗಾಗಿ ಸ್ಥಳದಲ್ಲೇ ಕೈಯಿಂದ ಕಾಂಕ್ರೀಟ್ ಎರಕ ಹೊಯ್ದು, ತ್ರಿಕೋನಗಳ ಜಾಲ ಹೆಣೆದು, ನಡುವೆ ಒಂದೂ ಕಂಬವಿಲ್ಲದ ವಿಶಾಲ ಸಭಾಂಗಣ ನಿಲ್ಲಿಸಿದರು. ಹೊಸ ಪ್ರದರ್ಶನ ಸಂಕೀರ್ಣಕ್ಕಾಗಿ ಇದನ್ನು ಕೆಡವುವ ಯೋಜನೆ ಬಂದಾಗ ಉಳಿಸಿಕೊಳ್ಳಿ ಎಂದು ದೇಶವಿದೇಶಗಳಿಂದ ಮನವಿಗಳು ಬಂದವು. ಅರವತ್ತು ವರ್ಷ ತುಂಬದ ಕಟ್ಟಡವನ್ನು ಪಟ್ಟಿಗೆ ಪರಿಗಣಿಸುವುದಿಲ್ಲ ಎಂದು ಸಮಿತಿ ತೀರ್ಮಾನಿಸಿತು. ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿತು. 2017ರ ಏಪ್ರಿಲ್ 23ರ ರಾತ್ರಿ ಬುಲ್ಡೋಜರ್‌ಗಳು ಒಳಹೊಕ್ಕವು, ಬೆಳಗಾಗುವಷ್ಟರಲ್ಲಿ ಕಟ್ಟಡವಿರಲಿಲ್ಲ. ಆಗ ಅದಕ್ಕೆ 45 ವರ್ಷ. ಪ್ರಗತಿ ಮೈದಾನದಲ್ಲಿ ಈಗಿರುವುದು 2023ರ ಜಿ-20 ಶೃಂಗಸಭೆ ನಡೆದ ಭಾರತ್ ಮಂಟಪಂ.

ಸ್ವತಂತ್ರ ಭಾರತ ತನ್ನ ಕೈಯಾರೆ ಕಟ್ಟಿದ ದಿಲ್ಲಿ ಈ ಲೆಕ್ಕದಲ್ಲಿ ಇನ್ನೂ ಎಳೆಯದು. ಜೋಸೆಫ್ ಸ್ಟೈನ್ ವಿನ್ಯಾಸದ ಇಂಡಿಯಾ ಇಂಟರ್‌ನ್ಯಾಷನಲ್ ಸೆಂಟರ್ 1962ರದ್ದು. ಅದಕ್ಕೆ ಅರವತ್ತು ದಾಟಿದೆ. ರಾಜ್ ರೇವಾಲರೇ ಕಟ್ಟಿದ ಏಷ್ಯಾಡ್ ಗ್ರಾಮ 1982ರದ್ದು. ಕನಾಟ್ ಪ್ಲೇಸಿನ ಅಂಚಿನಲ್ಲಿ ಚಾರ್ಲ್ಸ್ ಕೊರಿಯ ನಿಲ್ಲಿಸಿದ ಜೀವನ್ ಭಾರತಿ ಕಟ್ಟಡ ಮುಗಿದದ್ದು 1986ರಲ್ಲಿ. ಅರವತ್ತರ ನಿಯಮವನ್ನೇ ಹಿಡಿದರೆ ಅದರ ಅರ್ಜಿಯನ್ನು ಸಮಿತಿ ಕೈಗೆತ್ತಿಕೊಳ್ಳಬಹುದಾದದ್ದು 2046ರಲ್ಲಿ.