ಕಾರ್ಪಲ್ ಟನಲ್ ಸಿಂಡ್ರೋಮ್: ಮಣಿಕಟ್ಟಿನಲ್ಲಿ ಸಿಲುಕಿದ ನರ

ನಡುರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುವುದು, ಕೈ ಕೊಡವಿದೊಡನೆ ಹಗುರವೆನಿಸುವುದು ಅನೇಕರ ಅನುಭವ. ಇದನ್ನು ವಯೋಧರ್ಮವೆಂದೋ ನಿಶ್ಶಕ್ತಿಯೆಂದೋ ಭಾವಿಸಿ ನಾವು ಸುಮ್ಮನಾಗುತ್ತೇವೆ. ಆದರೆ ಇದು ಕಾರ್ಪಲ್ ಟನಲ್ ಸಿಂಡ್ರೋಮಿನ ಮೊದಲ ಸೂಚನೆಯಾಗಿರಬಹುದು. ಸಕಾಲದಲ್ಲಿ ಗುರುತಿಸಿದರೆ ಹತೋಟಿಗೆ ಬರುವ, ಅಲಕ್ಷಿಸಿದರೆ ಕೈಯ ಬಲವನ್ನೇ ಕುಂದಿಸುವ ತೊಂದರೆಯಿದು.

ತೊಂದರೆಯ ಸ್ವರೂಪ

ಮಣಿಕಟ್ಟಿನ ಸಣ್ಣ ಎಲುಬುಗಳು ಮತ್ತು ಅವುಗಳ ಮೇಲೆ ಅಡ್ಡಲಾಗಿ ಹಾಯ್ದಿರುವ ಗಟ್ಟಿಯಾದ ಅಸ್ಥಿಬಂಧದ ನಡುವೆ ಕಿರಿದಾದ ಸುರಂಗವೊಂದಿದೆ. ಬೆರಳುಗಳನ್ನು ಮಡಿಸುವ 9 ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ನರವೂ ಇದರೊಳಗೆ ಸಾಗುತ್ತವೆ. ಸುರಂಗದ ಗೋಡೆ ಹಿಗ್ಗಲಾರದು. ಒಳಗೆ ಊತವುಂಟಾದರೆ ಒತ್ತಡವೆಲ್ಲ ಮೃದುವಾದ ನರದ ಮೇಲೆ ಬೀಳುತ್ತದೆ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಹಾಗೂ ಉಂಗುರ ಬೆರಳಿನ ಅರ್ಧಭಾಗದ ಸ್ಪರ್ಶಜ್ಞಾನ ಈ ನರದ್ದು. ಕಿರುಬೆರಳಿನ ನರ ಬೇರೆ. ಆದ್ದರಿಂದ ಕಿರುಬೆರಳನ್ನುಳಿದು ಇತರ ಬೆರಳುಗಳು ಜೋಮು ಹಿಡಿಯುವುದು ಮುಖ್ಯ ಸುಳಿವು. ಕುತ್ತಿಗೆಯ ಎಲುಬಿನ ಸವೆತದಿಂದಲೂ ಕೈ ಜೋಮು ಹಿಡಿಯುವುದುಂಟು. ವ್ಯತ್ಯಾಸವನ್ನು ವೈದ್ಯರೇ ನಿರ್ಣಯಿಸಬೇಕು.

ಕಾರಣಗಳು

ಪುರುಷರಿಗಿಂತ ಸ್ತ್ರೀಯರಲ್ಲಿ ಈ ತೊಂದರೆ ಹೆಚ್ಚು. ಸಕ್ಕರೆ ಕಾಯಿಲೆ, ಥೈರಾಯ್ಡ್ ಸ್ರಾವದ ಕೊರತೆ, ಸಂಧಿವಾತ, ಸ್ಥೂಲಕಾಯ, ಮಣಿಕಟ್ಟಿನ ಮೂಳೆಮುರಿತ ಇವೆಲ್ಲ ಕಾರಣವಾಗಬಲ್ಲವು. ಗರ್ಭಿಣಿಯರಲ್ಲಿ ಕಾಣಿಸಿಕೊಂಡದ್ದು ಹೆರಿಗೆಯ ನಂತರ ಬಹುಮಟ್ಟಿಗೆ ಶಮನವಾಗುತ್ತದೆ. ಕಂಪಿಸುವ ಯಂತ್ರಗಳನ್ನು ಬಿಗಿಯಾಗಿ ಹಿಡಿದು ದುಡಿಯುವವರಿಗೂ ಅಪಾಯವುಂಟು. ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವ ನಾವು ಬ್ಯಾಂಕ್ ನೌಕರರು ಒಡನೆಯೇ ಕೀಲಿಮಣೆಯನ್ನು ದೂರುತ್ತೇವೆ. ಆದರೆ ಅದೇ ಮುಖ್ಯ ಕಾರಣವೆನ್ನಲು ದೃಢವಾದ ಆಧಾರವಿಲ್ಲ. ರಕ್ತದ ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆಯ ಅಗತ್ಯವಿದೆಯೇ ಎಂದು ವೈದ್ಯರನ್ನು ಕೇಳುವುದು ಹೆಚ್ಚು ಫಲಕಾರಿ.

ಲಕ್ಷಣಗಳು ಮತ್ತು ಪರೀಕ್ಷೆ

ಲೋಕಲ್ ರೈಲಿನಲ್ಲಿ ಹಿಡಿಕೆ ಹಿಡಿದು ನಿಂತಾಗ, ಸ್ಕೂಟರ್ ಓಡಿಸುವಾಗ, ಪತ್ರಿಕೆ ಅಥವಾ ಮೊಬೈಲ್ ಹಿಡಿದು ಓದುವಾಗ ಜೋಮು ಹೆಚ್ಚುತ್ತದೆ. ಕ್ರಮೇಣ ಅಂಗಿಯ ಗುಂಡಿ ಹಾಕುವುದು ಕಷ್ಟವಾಗುತ್ತದೆ, ಲೋಟ ಕೈಜಾರುತ್ತದೆ. ಹೆಬ್ಬೆರಳಿನ ಬುಡದ ಸ್ನಾಯು ಸೊರಗಿದರೆ ರೋಗ ಬಲಿತಿದೆಯೆಂದೇ ಅರ್ಥ. ಎರಡೂ ಮುಂಗೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ, ಮಣಿಕಟ್ಟನ್ನು ಸುಮಾರು ಒಂದು ನಿಮಿಷ ಬಾಗಿಸಿ ಹಿಡಿಸುವ ಪರೀಕ್ಷೆಗೆ ಫೇಲನ್ ಪರೀಕ್ಷೆಯೆಂದು ಹೆಸರು. ಅಗತ್ಯವಿದ್ದರೆ ನರದ ವಾಹಕತೆಯ ಪರೀಕ್ಷೆಯನ್ನೂ ಮಾಡಿಸುತ್ತಾರೆ.

ಚಿಕಿತ್ಸೆ

ಆರಂಭದಲ್ಲಿ, ಮಲಗುವಾಗ ಮಣಿಕಟ್ಟನ್ನು ನೇರವಾಗಿರಿಸುವ ಪಟ್ಟಿಯನ್ನು ಕೆಲವು ವಾರ ಧರಿಸಿದರೆ ಅನೇಕರಿಗೆ ಉಪಶಮನ ದೊರೆಯುತ್ತದೆ. ನಿದ್ದೆಯಲ್ಲಿ ಮಣಿಕಟ್ಟು ಮಡಿಸಿಕೊಂಡರೆ ನರದ ಮೇಲಿನ ಒತ್ತಡ ಹೆಚ್ಚುವುದೇ ಇದಕ್ಕೆ ಕಾರಣ. ಸ್ಟಿರಾಯ್ಡ್ ಚುಚ್ಚುಮದ್ದಿನಿಂದಲೂ ಗುಣ ಕಾಣಬಹುದು, ಆದರೆ ತೊಂದರೆ ಮರುಕಳಿಸುವುದುಂಟು. ಇವುಗಳಿಂದ ಫಲ ಸಿಗದಿದ್ದರೆ ಅಸ್ಥಿಬಂಧವನ್ನು ಕತ್ತರಿಸಿ ಒತ್ತಡವನ್ನು ಬಿಡಿಸುವ ಶಸ್ತ್ರಚಿಕಿತ್ಸೆಯಿದೆ. ಸಾಮಾನ್ಯವಾಗಿ ಕೈಗಷ್ಟೇ ಅರಿವಳಿಕೆ ಕೊಟ್ಟು ಮಾಡುವ ಈ ಚಿಕಿತ್ಸೆಯ ನಂತರ ಅದೇ ದಿನ ಮನೆಗೆ ಮರಳಬಹುದು. ಹಿಡಿತದ ಬಲ ಮರಳಲು ಮಾತ್ರ ತಿಂಗಳುಗಳೇ ಬೇಕಾಗಬಹುದು.

ನೋವುನಿವಾರಕ ಮಾತ್ರೆ ನುಂಗುತ್ತ ದಿನ ದೂಡುವುದು ತರವಲ್ಲ. ಸೊರಗಿದ ಸ್ನಾಯು ಶಸ್ತ್ರಚಿಕಿತ್ಸೆಯ ನಂತರವೂ ಪೂರ್ತಿ ಚೇತರಿಸಿಕೊಳ್ಳದೆ ಹೋಗಬಹುದು. ಹಿಟ್ಟು ನಾದುವಾಗ ಕೈ ಸೋಲುತ್ತದೆಂದು ಮನೆಯ ಗೃಹಿಣಿ ಹೇಳಿದರೆ ಅದನ್ನು ದಣಿವೆಂದು ತಳ್ಳಿಹಾಕದೆ ವೈದ್ಯರಲ್ಲಿಗೆ ಕರೆದೊಯ್ಯುವುದು ನಮ್ಮೆಲ್ಲರ ಕರ್ತವ್ಯ.