ಹುಣಸೆಯ ಫಸಲು, ಕೊಕ್ಕರೆಯ ಗೂಡು: ಕಗ್ಗಲಡು ಕುರಿತು ಒಂದು ಟಿಪ್ಪಣಿ

ಏಪ್ರಿಲ್ 25 ವಿಶ್ವ ಪೆಂಗ್ವಿನ್ ದಿನ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯ ಮಕ್ಕಳಿಗೆ ಪೆಂಗ್ವಿನ್ ಎಂದರೆ ಪುಸ್ತಕದ ಹಕ್ಕಿ, ಟಿ.ವಿ.ಯ ಹಕ್ಕಿ. ಅದೇ ದಿನಗಳಲ್ಲಿ ಶಿರಾದಿಂದ ಸುಮಾರು ಒಂಬತ್ತು ಕಿ.ಮೀ. ದೂರದ ಕಗ್ಗಲಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಸಂಸಾರ ಹೂಡಿರುತ್ತವೆ. ಹಕ್ಕಿಯನ್ನು ಉಳಿಸುವ ಜಾಗೃತಿ ಎಂದರೆ ಅದರ ಹೆಸರು ತಿಳಿದಿರುವುದೇ, ಅಥವಾ ನಮ್ಮ ಪಾಲಿನಲ್ಲಿ ಅದಕ್ಕೊಂದು ಪಾಲು ಬಿಡುವುದೇ? ಈ ಎರಡು ಹಕ್ಕಿಗಳನ್ನು ಜೊತೆಗಿಟ್ಟು ಆ ಪ್ರಶ್ನೆಯನ್ನು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ.

ಮೊದಲು ಊರಿನ ಸಂಗತಿ. ಕಗ್ಗಲಡುವಿಗೆ ಬಣ್ಣದ ಕೊಕ್ಕರೆ ಮತ್ತು ಬೂದು ಬಕಗಳು 1990ರ ದಶಕದ ಆರಂಭದಿಂದ ದೊಡ್ಡ ಸಂಖ್ಯೆಯಲ್ಲಿ ಬರುತ್ತಿವೆ. ಹೊರಜಗತ್ತಿಗೆ ಈ ತಾಣದ ಪರಿಚಯವಾದದ್ದು 1999ರಲ್ಲಿ, ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್‌ನ ಮೂಲಕ. ಈ ಕಾಲಕ್ರಮವನ್ನು ಗಮನಿಸಬೇಕು. ಪ್ರಚಾರ ಬರುವುದಕ್ಕೆ ಮುಂಚೆಯೇ ಹಕ್ಕಿಗಳು ನೆಲೆಯೂರಿದ್ದವು. ಊರವರು ಅವನ್ನು ಓಡಿಸಿರಲಿಲ್ಲ.

ಓಡಿಸದಿರುವುದು ಹೇಳಿದಷ್ಟು ಸುಲಭವಲ್ಲ. ಹಕ್ಕಿಗಳು ಫೆಬ್ರುವರಿ ಹೊತ್ತಿಗೆ ಬಂದು ಆಗಸ್ಟ್‌ವರೆಗೆ ಇರುತ್ತವೆ. ಫೆಬ್ರುವರಿ, ಮಾರ್ಚ್ ಎಂದರೆ ಬಯಲುಸೀಮೆಯಲ್ಲಿ ಹುಣಸೆಹಣ್ಣು ಬಡಿಯುವ ಕಾಲ. ಮರ ಹತ್ತಿ ಕೊಂಬೆ ಅಲುಗಾಡಿಸಬೇಕು, ಕೈಗೆಟುಕದ್ದನ್ನು ಗಳು ಹಿಡಿದು ಬಡಿಯಬೇಕು. ಮಳೆ ಕೈಕೊಟ್ಟ ವರ್ಷವೂ ಕೈಬಿಡದ ಮರ ಹುಣಸೆ. ಅದರ ಕಾಸು ಬಡವರ ಮನೆಗೆ ದೊಡ್ಡ ಆಸರೆ. ಗೂಡು ಕಟ್ಟಿದ ಮರಕ್ಕೆ ಗಳು ತಾಗಿಸದೆ ಊರವರು ಹಣ್ಣನ್ನು ಕೊಂಬೆಯಲ್ಲೇ ಬಿಟ್ಟಿದ್ದಾರೆ. ಕಗ್ಗಲಡುವಿನ ಸಂರಕ್ಷಣೆಯ ತಿರುಳು ಇದೇ.

ಮರದಡಿ ನಿಂತು ಕತ್ತೆತ್ತಿದರೆ ಆ ತ್ಯಾಗದ ಫಲ ಕಾಣುತ್ತದೆ. ಕಡ್ಡಿ ಜೋಡಿಸಿದ ಅಗಲವಾದ ಗೂಡು. ಹಳದಿ ಕೊಕ್ಕು, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟೆ, ಬಾಲದ ಬಳಿ ಗುಲಾಬಿ ಗರಿಗಳ ತಾಯಿ ಹಕ್ಕಿ. ಬಿಸಿಲು ನೆತ್ತಿಗೇರಿದಾಗ ಅದು ರೆಕ್ಕೆ ಬಿಡಿಸಿ ಮರಿಗಳಿಗೆ ನೆರಳಾಗಿ ನಿಲ್ಲುತ್ತದೆ. ದೊಡ್ಡ ಹಕ್ಕಿಗಳು ಹೆಚ್ಚಾಗಿ ಮೌನಿಗಳು. ಕೊಕ್ಕಿನ ಎರಡು ಭಾಗ ಬಡಿದು ಟಕಟಕ ಸದ್ದು ಮಾಡುತ್ತವೆ. ಗದ್ದಲವೆಲ್ಲ ಹಸಿದ ಮರಿಗಳದ್ದು.

ಇನ್ನು ಪೆಂಗ್ವಿನ್‌ನ ಕಥೆ. ಎಲ್ಲ ಪೆಂಗ್ವಿನ್‌ಗಳೂ ಹಿಮದ ಹಕ್ಕಿಗಳಲ್ಲ. ಆಫ್ರಿಕಾದ ಪೆಂಗ್ವಿನ್ ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾದ ಕರಾವಳಿಯಲ್ಲಿ, ಬಿಸಿಲಿನಲ್ಲೇ ಬದುಕುತ್ತದೆ. ತಲೆತಲಾಂತರದಿಂದ ಗಟ್ಟಿಯಾದ ಕಡಲಹಕ್ಕಿಗಳ ಹಿಕ್ಕೆಯ ಪದರದಲ್ಲಿ ಬಿಲ ತೋಡಿ ಅದು ಮೊಟ್ಟೆ ಇಡುತ್ತಿತ್ತು. ನಮೀಬಿಯಾದ ಇಚಬೋ ದ್ವೀಪಕ್ಕೆ 1843–45ರಲ್ಲಿ ಹಡಗುಗಳು ಮುಗಿಬಿದ್ದು, ಯೂರೋಪಿನ ಹೊಲಗಳ ಗೊಬ್ಬರಕ್ಕೆಂದು ಆ ಪದರವನ್ನು ಬಂಡೆ ಕಾಣುವವರೆಗೆ ಕೆರೆದೊಯ್ದವು. ಇತರ ದ್ವೀಪಗಳಿಗೂ ಅದೇ ಗತಿ ಬಂತು. ಮೊಟ್ಟೆ, ಮರಿ ಬಯಲಿಗೆ ಬಿದ್ದವು. ಮುಂದೆ ದೊಡ್ಡ ಬಲೆಗಳು ಬೂತಾಯಿಯಂಥ ಮೀನನ್ನೂ ಬಾಚಿದವು. 2024ರಲ್ಲಿ ಈ ಹಕ್ಕಿ ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿತು. ಗೂಡು ಕಟ್ಟುವ ಜೋಡಿಗಳು ಹತ್ತು ಸಾವಿರಕ್ಕೂ ಕಡಿಮೆ. 2025ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದ ನ್ಯಾಯಾಲಯ ಆರು ನೆಲೆಗಳ ಸುತ್ತ ಹತ್ತು ವರ್ಷ ಅಂಥ ವಾಣಿಜ್ಯ ಮೀನುಗಾರಿಕೆ ನಿಲ್ಲಿಸುವ ಆದೇಶ ನೀಡಿತು. ಪೆಂಗ್ವಿನ್‌ಗೆ ಅಭಿಮಾನಿಗಳ ಕೊರತೆ ಎಂದೂ ಇರಲಿಲ್ಲ. ಕೊರತೆಯಾದದ್ದು ಮೀನು ಮತ್ತು ಗೂಡಿನ ನೆಲ.

ಹಿಕ್ಕೆಯ ಮಾತಿಗೆ ನಮ್ಮಲ್ಲೇ ಒಂದು ಪ್ರತಿ ಉದಾಹರಣೆ ಇದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮರದಡಿ ಬಿದ್ದ ಹಿಕ್ಕೆಯನ್ನು ಕೆರೆಗೋಡಿನೊಂದಿಗೆ ಬೆರೆಸಿ ಹೊಲಕ್ಕೆ ಹಾಕುವ ರೂಢಿ ಹಳೆಯದು. ಅಲ್ಲೂ ಗೊಬ್ಬರ ತೆಗೆದರು, ಆದರೆ ಗೂಡಿಗೆ ಕೈ ಹಾಕಲಿಲ್ಲ. ಹಕ್ಕಿಯನ್ನು ಬಾಣಂತನಕ್ಕೆ ತವರಿಗೆ ಬಂದ ಮಗಳೆಂದು ಭಾವಿಸುವ ಆ ಊರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ಗೂಡಿರುವ ಮರಗಳ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರಧನ ಕೊಡುವ ಕ್ರಮವೂ ಅಲ್ಲಿ ಬಂತು. ತವರಿನ ಅಕ್ಕರೆ ದೊಡ್ಡದು. ಆದರೆ ತವರಿನವರ ಹೊಟ್ಟೆಯ ಲೆಕ್ಕವನ್ನೂ ಯಾರಾದರೂ ಇಡಬೇಕು.

ಕಗ್ಗಲಡುವಿಗೆ ಮರವೊಂದೇ ಸಾಲದು. ಬಣ್ಣದ ಕೊಕ್ಕರೆ ಕೊಕ್ಕನ್ನು ಅರೆ ತೆರೆದು ನೀರಿನಲ್ಲಿ ಆಡಿಸುತ್ತಾ, ಕಾಲಿನಿಂದ ಕೆಸರು ಕಲಕುತ್ತಾ ನಡೆಯುತ್ತದೆ. ಮೀನು ತಾಗಿದೊಡನೆ ಕೊಕ್ಕು ಮುಚ್ಚಿಕೊಳ್ಳುತ್ತದೆ. ಈ ಬೇಟೆಗೆ ಮೊಣಕಾಲು ಮುಳುಗದಷ್ಟು ನೀರು ಬೇಕು. ಬತ್ತಿದ ಕೆರೆಯಲ್ಲಿ ಮೀನಿಲ್ಲ; ಹೂಳೆತ್ತುವ ನೆಪದಲ್ಲಿ ಅಂಚನ್ನು ಕಡಿದಾಗಿ ಕೊರೆದ ಕೆರೆಯಲ್ಲಿ ಕೊಕ್ಕರೆಗೆ ಕಾಲೂರಲು ಜಾಗವಿಲ್ಲ. ಹೂಳೆತ್ತುವಾಗ ಒಂದು ಬದಿಯ ಇಳಿಜಾರನ್ನು ಹಾಗೇ ಉಳಿಸುವುದು ಕೂಡ ಹಕ್ಕಿಗೆ ಬಿಡುವ ಪಾಲೇ.

ಇಷ್ಟರಿಂದ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು. ನಮ್ಮ ಶಾಲೆಗಳು ಪೆಂಗ್ವಿನ್ ದಿನವನ್ನು ಆಚರಿಸಲಿ. ಪೆಂಗ್ವಿನ್ ಚಿತ್ರದ ಪಕ್ಕದಲ್ಲಿ ಕಗ್ಗಲಡುವಿನ ಕೊಕ್ಕರೆಯನ್ನೂ ಬರೆಸಲಿ. ಅದು ಏನು ತಿನ್ನುತ್ತದೆ, ಎಲ್ಲಿ ತಿನ್ನುತ್ತದೆ, ಅದಕ್ಕಾಗಿ ಯಾವ ಮನೆಯ ಹುಣಸೆ ಉಳಿಯಿತು ಎಂದು ಮಕ್ಕಳು ಊರಿನಲ್ಲೇ ಕೇಳಿ ಬರೆದುಕೊಳ್ಳಲಿ. ಜಾಗೃತಿಯ ಅಳತೆಗೆ ಸಭೆಯ ಚಪ್ಪಾಳೆ ಬೇಡ. ಮಾರ್ಚ್ ಕಳೆದರೂ ಗೂಡಿನ ಪಕ್ಕದ ಕೊಂಬೆಯಲ್ಲಿ ತೂಗುತ್ತಿರುವ ಹುಣಸೆಹಣ್ಣು ಸಾಕು.