ಎರಡನೆಯ ಸುತ್ತಿಗೆಯ ಸದ್ದು

ಕುಲುಮೆಯಲ್ಲಿ ಒಬ್ಬರಿಂದಲೇ ಆಗದ ಕೆಲಸವೊಂದಿದೆ. ಕಾದು ಕೆಂಪಾದ ಲೋಹವನ್ನು ಯಜಮಾನ ಇಕ್ಕಳದಲ್ಲಿ ಹಿಡಿದು, ಸಣ್ಣ ಸುತ್ತಿಗೆಯಿಂದ ತಟ್ಟಿ ಜಾಗ ತೋರಿಸುತ್ತಾನೆ. ಎದುರಿಗೆ ನಿಂತವನು ಅಲ್ಲಿಗೇ ದೊಡ್ಡ ಸುತ್ತಿಗೆ ಇಳಿಸುತ್ತಾನೆ. ಟಣ್, ಢಣ್, ಟಣ್, ಢಣ್. ಈ ಎದುರುಪೆಟ್ಟಿಗೆ ಜಪಾನಿ ಭಾಷೆಯಲ್ಲಿ ‘ಐಜುಚಿ’ ಎಂದು ಹೆಸರು. ‘ಐ’ ಎಂದರೆ ಪರಸ್ಪರ, ‘ತ್ಸುಚಿ’ ಎಂದರೆ ಸುತ್ತಿಗೆ. ‘ಕೊಕಾಜಿ’ ಎಂಬ ನೋ ನಾಟಕದಲ್ಲಿ, ಚಕ್ರವರ್ತಿಗೆ ಕತ್ತಿ ಮಾಡಿಕೊಡಬೇಕಾದ ಮುನೆಚಿಕನಿಗೆ ತನ್ನ ಸರಿಸಮ ಐಜುಚಿ ಹೊಡೆಯುವವರು ಸಿಗುವುದಿಲ್ಲ. ಅವನು ಇನಾರಿ ದೇವರ ಮೊರೆಹೋಗುತ್ತಾನೆ. ಆಗ ನರಿಯ ರೂಪದ ದೈವವೇ ಬಂದು ಎರಡನೆಯ ಸುತ್ತಿಗೆ ಹಿಡಿಯುತ್ತದೆ.

ಈ ಪದ ಕುಲುಮೆಯಿಂದ ಹೊರಟು ಮನೆಮನೆಯ ಮಾತಿಗೆ ಬಂತು. ಎದುರಿನವರು ಮಾತಾಡುತ್ತಿರುವಾಗ ನಡುನಡುವೆ ‘ಹೈ’, ‘ಉಂ’, ‘ಸೋ ದೆಸು ನೆ’ ಎನ್ನುವುದಕ್ಕೆ ಇಂದು ಜಪಾನಿಯರು ‘ಐಜುಚಿ ಹೊಡೆಯುವುದು’ ಎನ್ನುತ್ತಾರೆ. ನಮ್ಮಲ್ಲಿ ಇದಕ್ಕೆ ಹೂಂಗುಟ್ಟುವುದು ಎಂಬ ಸೊಗಸಾದ ಮಾತಿದೆ. ಹೂಂ ಎನ್ನುವುದು ನಿಂತರೆ ‘ಮಲ್ಕೊಂಡ್ಯೇನೋ?’ ಎಂದು ಅಜ್ಜಿ ಕಥೆ ನಿಲ್ಲಿಸುತ್ತಿದ್ದಳಲ್ಲ, ಫೋನಿನಲ್ಲಿ ಐಜುಚಿ ನಿಂತರೆ ಜಪಾನಿಯರೂ ಹಾಗೆಯೇ ‘ಮೋಶಿ ಮೋಶಿ?’ ಎಂದು ಕೇಳುತ್ತಾರೆ. ಎರಡು ಭಾಷೆಗಳಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಅಷ್ಟು ದೂರ ನಡೆಯುವವರಿಗೆ ‘ಜೊತೆಗಿದ್ದೇನೆ, ಮುಂದೆ ಹೇಳಿ’ ಎಂಬ ದನಿ ಬೇಕೆನಿಸುವುದು ಸಹಜವೆಂದೇ ನನಗೆ ತೋರುತ್ತದೆ.

ಜಪಾನಿನಲ್ಲಿ ಇಂಗ್ಲಿಷ್ ಸಂಭಾಷಣೆಗೆ ‘ಎಯ್‌ಕಾಯ್ವಾ’ ಎಂಬ ಪ್ರತ್ಯೇಕ ಹೆಸರಿದೆ, ಅದರ ಹಸಿವೂ ದೊಡ್ಡದು. ಯುದ್ಧ ಮುಗಿದು ಎರಡು ತಿಂಗಳೂ ಆಗದ 1945ರ ಅಕ್ಟೋಬರ್‌ನಲ್ಲಿ ಬಂದ ‘ನಿಚಿಬೇಯ್ ಕಾಯ್ವಾ ತೆಚೋ’ ಎಂಬ 32 ಪುಟಗಳ ಪುಸ್ತಿಕೆ ಸುಮಾರು 36 ಲಕ್ಷ ಪ್ರತಿ ಮಾರಾಟವಾಯಿತು. ಇಂಥ ಪುಸ್ತಿಕೆ ನಾವು ಆಡಬೇಕಾದ ಮಾತನ್ನು ಕೈಗಿಡುತ್ತದೆ. ಬೇರೆಯವರು ಆಡುತ್ತಿರುವಾಗ ನಾವೇನು ಅನ್ನಬೇಕು ಎಂಬುದು ಅದರಲ್ಲಿ ಹಿಡಿಸುವುದು ಕಷ್ಟ. ಪಾಠ ಯೋಜಿಸುವವರು ತುಂಬಬೇಕಾದ ಜಾಗ ಅದೇ.

ವ್ಯವಹಾರದ ಇಂಗ್ಲಿಷಿನಲ್ಲಿ ಈ ಕೊರತೆಗೆ ಬೆಲೆ ತೆರಬೇಕಾಗುತ್ತದೆ. ನಿಘಂಟು ‘ಹೈ’ಗೆ ‘ಯೆಸ್’ ಎಂದು ಅರ್ಥ ಕೊಡುತ್ತದೆ. ಹೊರದೇಶದ ಗ್ರಾಹಕರು ದರ, ಗಡುವು, ರಿಯಾಯಿತಿ ಎಂದು ಹೇಳುತ್ತ ಹೋದಂತೆ ಜಪಾನಿ ನೌಕರ ಪ್ರತಿಯೊಂದಕ್ಕೂ ‘ಯೆಸ್, ಯೆಸ್’ ಎನ್ನುತ್ತಾನೆ. ಅವನು ಹೊಡೆದದ್ದು ಐಜುಚಿ. ಅವರಿಗೆ ಕೇಳಿಸಿದ್ದು ಒಪ್ಪಿಗೆ. ಮುಂದಿನ ವಾರದ ಪತ್ರದಲ್ಲಿ ‘ಸಾಧ್ಯವಿಲ್ಲ’ ಎಂದಿದ್ದರೆ ಇವನು ಮಾತಿಗೆ ತಪ್ಪಿದವನಾಗುತ್ತಾನೆ. ‘ಫೈಲ್ ಬಂದಿಲ್ವಾ?’ ಎಂದರೆ ನಾವು ‘ಹೌದು, ಬಂದಿಲ್ಲ’ ಎನ್ನುವುದುಂಟು, ಜಪಾನಿಯರೂ ಹಾಗೆಯೇ. ಇಂಗ್ಲಿಷಿನಲ್ಲಿ ಅಲ್ಲಿ ‘ನೋ’ ಬರಬೇಕು. ಒಂಟಿ ‘ಯೆಸ್’ ಹೇಳಿ ಸುಮ್ಮನಾದರೆ ಫೈಲ್ ತಲುಪಿತೆಂದೇ ಕೇಳಿದವರ ನಂಬಿಕೆ.

ಆದ್ದರಿಂದ ಮೊದಲ ಪಾಠದ ಮೊದಲ ಹತ್ತು ನಿಮಿಷದಲ್ಲಿ ಇಂಗ್ಲಿಷೇ ಬೇಡ ಎನ್ನುತ್ತೇನೆ. ಒಬ್ಬರು ಜಪಾನಿಯಲ್ಲೇ ಎರಡು ನಿಮಿಷ ಭಾನುವಾರದ ಸುದ್ದಿ ಹೇಳಲಿ, ಇನ್ನೊಬ್ಬರು ಒಂದೂ ಐಜುಚಿ ಹೊಡೆಯದೆ ಕೂರಲಿ. ಹೇಳುವವರು ಎಷ್ಟು ಬೇಗ ತಡವರಿಸುತ್ತಾರೆಂದು ಇಬ್ಬರಿಗೂ ತಿಳಿಯಲಿ. ಆಮೇಲೆ ಒಂದೇ ‘ಹೈ’ಯೊಳಗಿನ ಮೂರು ಕಾಳುಗಳನ್ನು ಬೇರೆ ಬೇರೆ ಮಾಡಿಸಬೇಕು: ಕೇಳಿಸಿಕೊಂಡೆ ಎನ್ನಲು ‘ಐ ಸೀ’, ಅರ್ಥವಾಯಿತು ಎನ್ನಲು ‘ಗಾಟ್ ಇಟ್’, ಒಪ್ಪಿದೆ ಎನ್ನಲು ‘ಐ ಅಗ್ರೀ’. ಸಂಭಾಷಣೆಯ ತರಗತಿಯಲ್ಲಿ ಇದಕ್ಕೆ ‘ರಿಯಲಿ? ವೇರ್?’ ಎಂಬ ಪುಟ್ಟ ಪ್ರಶ್ನೆ ಸೇರಲಿ. ವ್ಯವಹಾರದ ತರಗತಿಯಲ್ಲಿ, ಸಭೆ ಮುಗಿಯುವ ಮುನ್ನ ಒಪ್ಪಿದ್ದೆಷ್ಟು, ಕಚೇರಿಗೆ ಒಯ್ದು ಯೋಚಿಸಬೇಕಾದದ್ದೆಷ್ಟು ಎಂದು ಬಾಯಿಬಿಟ್ಟು ಹೇಳುವ ರೂಢಿ ಬೆಳೆಯಲಿ. ಹೀಗೆ ‘ಒಯ್ದು ಯೋಚಿಸುತ್ತೇವೆ’ ಎನ್ನುವ ಮಾತು ಜಪಾನಿ ಕಚೇರಿಗಳಲ್ಲಿ ಮೊದಲೇ ಇದೆ. ಅದಕ್ಕೊಂದು ಇಂಗ್ಲಿಷ್ ವಾಕ್ಯ ಜೋಡಿಸಿದರೆ ಸಾಕು.

ಐಜುಚಿಯನ್ನು ಕೆಟ್ಟ ಚಾಳಿಯಂತೆ ತಿದ್ದಿ ಅಳಿಸುವ ಪಾಠ ನನಗೆ ಒಪ್ಪಿಗೆಯಿಲ್ಲ. ಭಾಷಾವಿದುಷಿ ಮಿಜುತಾನಿ ನೊಬುಕೊ ಜಪಾನಿ ಮಾತುಕತೆಯನ್ನು ‘ಕ್ಯೋವಾ’ ಎಂದು ಕರೆದರು, ಇಬ್ಬರೂ ಸೇರಿ ಕಟ್ಟುವ ಮಾತು ಎಂದರ್ಥ. ಕೇಳುವುದೂ ಒಂದು ಕೆಲಸವೆಂದು ಬಲ್ಲವರು ನಮ್ಮ ತರಗತಿಗೆ ಬರುತ್ತಿದ್ದಾರೆ. ಅವರು ಇಂಗ್ಲಿಷ್ ವಾಕ್ಯವೊಂದನ್ನು ಶುರುಮಾಡಿ, ನಡುವೆ ನಿಂತು, ಮುಂದಿನ ಪದಕ್ಕೆ ತಡಕಾಡುತ್ತಾರೆ. ಆ ಪದವನ್ನು ನಾವೇ ಹೇಳಿ ಮುಗಿಸಿಬಿಟ್ಟರೆ ಸುತ್ತಿಗೆ ಕಿತ್ತುಕೊಂಡಂತೆ. ಅವರು ತಟ್ಟಿ ತೋರಿಸಿದ ಜಾಗಕ್ಕೆ ಒಂದು ಹದವಾದ ಹೂಂ ಇಳಿಸಿ, ಕಾಯಬೇಕು. ಅವರು ಮತ್ತೆ ತಟ್ಟುತ್ತಾರೆ.